ಪಿಕಪ್ ಗಾಡಿಗೆ ಕೊಂಬು ಬಂದದ್ದು ಹೇಗೆ?

ಮರಳುಗುಡ್ಡದ ಮೇಲಿಂದ ದೊಡ್ಡದೊಂದು ಪಿಕಪ್ ಹಾರುತ್ತದೆ. ನಾಲ್ಕೂ ಚಕ್ರ ಗಾಳಿಯಲ್ಲಿ. ಧೂಳೆಬ್ಬಿಸಿ ನೆಲಕ್ಕಿಳಿದು, ಏನೂ ಆಗದಂತೆ ಮುಂದಕ್ಕೋಡುತ್ತದೆ. ಇಂಥ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಹೆಚ್ಚಾಗಿ ಅದು ಅಮೆರಿಕದ ಫೋರ್ಡ್ ರಾಪ್ಟರ್, ಇಲ್ಲವೇ ರಾಮ್ ಟಿಆರ್‌ಎಕ್ಸ್. ಎರಡರಲ್ಲಿ ಯಾವುದನ್ನು ಕೊಳ್ಳಬೇಕು ಅನ್ನುವುದು ಅಲ್ಲಿ ಮುಗಿಯದ ವಾದ. ನಮ್ಮ ದೇಶದಲ್ಲಿ ಕಂಪನಿಗಳು ಇವನ್ನು ಮಾರುವುದಿಲ್ಲ. ಆದರೆ ಇವನ್ನು ಅಳೆಯುವ ರೀತಿ ಇಲ್ಲಿಗೂ ಬಂದುಬಿಟ್ಟಿದೆ. ‘ಎಷ್ಟು ಎಚ್‌ಪಿ?’ ಅನ್ನುವುದೇ ಮೊದಲ ಪ್ರಶ್ನೆ. ಇದು ಮೊದಲ ಪ್ರಶ್ನೆ ಆದದ್ದು ಹೇಗೆ ಎಂದು ನಾವು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದೆವು.

1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಬದಿಗೆ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. ಎಂಜಿನ್ ಶಕ್ತಿ ಬರೀ 20 ಎಚ್‌ಪಿ. ಅಲ್ಲಿಯವರೆಗೆ ಎಷ್ಟೋ ರೈತರು ಕಾರಿನ ಹಿಂಭಾಗ ಕತ್ತರಿಸಿ ತಾವೇ ತೊಟ್ಟಿ ಕಟ್ಟಿಕೊಳ್ಳುತ್ತಿದ್ದರು. ಆ ಕೆಲಸವನ್ನು ಕಂಪನಿಯೇ ಮಾಡಿಕೊಟ್ಟಿತು, ಅಷ್ಟೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಡಾಡ್ಜ್ ಕಂಪನಿ ಸೈನ್ಯಕ್ಕೆ ಕೊಟ್ಟಿದ್ದ ಟ್ರಕ್ಕನ್ನೇ ತಿದ್ದಿ ‘ಪವರ್ ವ್ಯಾಗನ್’ ಎಂದು ಜನರಿಗೆ ಮಾರಿತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ, 94 ಎಚ್‌ಪಿ. ನಮ್ಮ ಟ್ರ್ಯಾಕ್ಟರಿನ ಹಾಗೆ ಇದಕ್ಕೂ ಪಿಟಿಒ ಹಾಕಿಸಬಹುದಿತ್ತು, ಮುಂದೆ ವಿಂಚ್ ಕೂರಿಸಬಹುದಿತ್ತು. ಗಂಟೆಗೆ 80 ಕಿ.ಮೀ. ದಾಟಿಸುವುದೇ ಕಷ್ಟ. ಆದರೂ ಹೊಲ, ಕಾಡು, ಗಣಿ ಎಲ್ಲ ಕಡೆ ದುಡಿಯಿತು. ನಮ್ಮ ಲೆಕ್ಕದಲ್ಲಿ ಕಚ್ಚಾ ದಾರಿಯ ಪಿಕಪ್ ಅಂದರೆ ಇದೇ.

ನಡುವೆ ಒಂದು ಕೋಳಿ ಜಗಳವನ್ನೂ ಹೇಳಬೇಕು. ಅಮೆರಿಕದ ಕೋಳಿಮಾಂಸಕ್ಕೆ ಯುರೋಪಿನ ದೇಶಗಳು ಸುಂಕ ಹಾಕಿದವು. ಅದಕ್ಕೆ ಉತ್ತರವಾಗಿ ಅಮೆರಿಕ 1964ರಿಂದ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇ 25 ಸುಂಕ ಹೇರಿತು. ಕೋಳಿಯ ಜಗಳ ಹಳತಾಯಿತು, ಟ್ರಕ್ಕಿನ ಸುಂಕ ಉಳಿಯಿತು. ದೊಡ್ಡ ಪಿಕಪ್ಪಿನ ಪೈಪೋಟಿ ಬಹುಪಾಲು ಫೋರ್ಡ್, ಷೆವರ್ಲೆ, ಡಾಡ್ಜ್ ಎಂಬ ಮನೆಯವರ ನಡುವೆಯೇ ನಡೆದದ್ದಕ್ಕೆ ಇದೂ ಒಂದು ಕಾರಣ.

ವೇಗದ ಹುಚ್ಚು ಎಷ್ಟು ಏರಿತು ಅನ್ನಲು 1991ರ ಜಿಎಂಸಿ ಸೈಕ್ಲೋನ್ ಸಾಕು. 280 ಎಚ್‌ಪಿ. ‘ಕಾರ್ ಆ್ಯಂಡ್ ಡ್ರೈವರ್’ ಪತ್ರಿಕೆ ಇದನ್ನು ಫೆರಾರಿ ಕಾರಿನ ಜೊತೆ ಓಡಿಸಿ ಹೋಲಿಸಿತು. ಕಾಲು ಮೈಲಿಯ ಓಟದಲ್ಲಿ ಪಿಕಪ್ಪೇ ಗೆದ್ದಿತು! ಆದರೆ ಇದು ಹೊರಬಹುದಾದ ತೂಕ 500 ಪೌಂಡ್, ಅಂದರೆ 227 ಕೆ.ಜಿ. ತಲಾ 75 ಕೆ.ಜಿ.ಯ ಇಬ್ಬರು ಕೂತರೆ ತೊಟ್ಟಿಗೆ ಉಳಿಯುವುದು ಒಂದೂವರೆ ಮೂಟೆ ಸಿಮೆಂಟಿನ ಜಾಗ. ಕಚ್ಚಾ ದಾರಿಗೆ ಇಳಿಸಬೇಡಿ ಎಂದು ಕಂಪನಿಯೇ ಎಚ್ಚರಿಸಿತ್ತು.

ಕಚ್ಚಾ ದಾರಿಯಲ್ಲೇ ಓಡುವ ಹುಚ್ಚು ಮೆಕ್ಸಿಕೊ ಕಡೆಯದು. ಅಲ್ಲಿನ ಬಾಹಾ ಮರುಭೂಮಿಯಲ್ಲಿ 1967ರಿಂದ ದೊಡ್ಡ ರೇಸು ನಡೆಯುತ್ತಿದೆ. ಫೋರ್ಡ್ 2008ರಲ್ಲಿ ಅಲ್ಲಿ ರಾಪ್ಟರನ್ನು ಓಡಿಸಿ, 2010ರ ಮಾದರಿಯಾಗಿ ಮಾರಾಟಕ್ಕೆ ತಂದಿತು. ಮಾಮೂಲಿ ಎಫ್-150ಗಿಂತ ಸುಮಾರು 7 ಇಂಚು ಅಗಲ. ಗುಂಡಿ ಬಿದ್ದಾಗ ಮುಂದಿನ ಚಕ್ರ 11 ಇಂಚು, ಹಿಂದಿನದು 12 ಇಂಚು ಮೇಲೆ ಕೆಳಗೆ ಆಡುತ್ತದೆ. ಮೊದಲು 310 ಎಚ್‌ಪಿ ಎಂಜಿನ್, ಆಮೇಲೆ 411.

ಇಲ್ಲೇ ಇರುವುದು ಗುಟ್ಟು. ಚಕ್ರ ಅಷ್ಟು ಆಡಬೇಕಾದರೆ ಸ್ಪ್ರಿಂಗ್ ಮೆತ್ತಗಿರಬೇಕು. ಮೆತ್ತನೆಯ ಸ್ಪ್ರಿಂಗಿನ ಮೇಲೆ ಮೂಟೆ ಹೇರಿದರೆ ಗಾಡಿಯ ಹಿಂಭಾಗ ಕೂತುಬಿಡುತ್ತದೆ, ಆಡುವ ಜಾಗವೇ ಇರುವುದಿಲ್ಲ. ಲಗೇಜು ಗಾಡಿಗಳಲ್ಲಿ ಪ್ಲೇಟಿನ ಮೇಲೆ ಪ್ಲೇಟು ಸೇರಿಸಿ ಸ್ಪ್ರಿಂಗ್ ಗಟ್ಟಿ ಮಾಡುವುದು ಇದಕ್ಕೇ. ಖಾಲಿ ಓಡುವಾಗ ಅವು ಎತ್ತಿ ಎತ್ತಿ ಕುಕ್ಕುವುದೂ ಇದಕ್ಕೇ. ಹಾರಾಟ, ಹೊರೆ ಎರಡನ್ನೂ ಒಂದೇ ಸ್ಪ್ರಿಂಗಿನಿಂದ ಪಡೆಯಲಾಗದು. ಆ ಕಾಲದ ಮಾಮೂಲಿ ಎಫ್-150ಗೆ ತಕ್ಕ ಜೋಡಣೆ ಮಾಡಿಸಿದರೆ 11,300 ಪೌಂಡ್ ಎಳೆಯುತ್ತಿತ್ತು. ಅದರ ದುಬಾರಿ ಅಣ್ಣ ರಾಪ್ಟರಿನ ಮಿತಿ 6,000.

2021ರ ಮಾದರಿಯಾಗಿ ಎದುರಾಳಿ ಬಂತು. ರಾಮ್ ಅಂದರೆ ಇಂಗ್ಲಿಷಿನಲ್ಲಿ ಟಗರು, ಕಂಪನಿಯ ಗುರುತೂ ಟಗರಿನ ಕೊಂಬೇ. ಟಿಆರ್‌ಎಕ್ಸ್‌ಗೆ 702 ಎಚ್‌ಪಿ. ಬಾನೆಟ್ ಎತ್ತಿದರೆ ಟಿ-ರೆಕ್ಸ್ ಡೈನೊಸಾರ್ ಒಂದು ರಾಪ್ಟರನ್ನು ತಿನ್ನುತ್ತಿರುವ ಚಿತ್ರ! ಫೋರ್ಡ್ ಸುಮ್ಮನಿರಲಿಲ್ಲ. 2023ಕ್ಕೆ 700 ಎಚ್‌ಪಿಯ ರಾಪ್ಟರ್ ಆರ್ ತಂದು, ಮರುವರ್ಷವೇ ಅದನ್ನು 720ಕ್ಕೆ ಏರಿಸಿತು. ಟಗರಿಗಿಂತ 18 ಜಾಸ್ತಿ ಎಂಬ ಒಂದು ಮಾತಿಗಾಗಿ ಇಷ್ಟು ಪಾಡು ಎಂದು ನಮಗೆ ಅನಿಸುತ್ತದೆ.

ಈಗ ಹೊರೆ ನೋಡಿ. ಟಿಆರ್‌ಎಕ್ಸ್ ಹೊರುವುದು 1,310 ಪೌಂಡ್, ಹತ್ತಿರಹತ್ತಿರ 594 ಕೆ.ಜಿ. ಐದು ಜನ ಕೂತರೆ ಉಳಿಯುವುದು ನಾಲ್ಕು ಮೂಟೆ ಸಿಮೆಂಟಿನ ತೂಕ. ಲೀಟರ್ ಪೆಟ್ರೋಲಿಗೆ ಸುಮಾರು 5 ಕಿ.ಮೀ. ನಮ್ಮ ಸಂತೆಗೆ ಟೊಮೆಟೊ ತರುವ ಬೊಲೆರೊ ಪಿಕಪ್ಪಿನ 1.7 ಟನ್ ಮಾದರಿ ಸುಮಾರು 75 ಎಚ್‌ಪಿಯಲ್ಲಿ 1,700 ಕೆ.ಜಿ. ಹೊರುತ್ತದೆ. ಇದು ಸರಿಸಮದ ಹೋಲಿಕೆಯಲ್ಲ, ಒಪ್ಪುತ್ತೇವೆ. ನಿಂತಲ್ಲಿಂದ ನಾಲ್ಕೂವರೆ ಸೆಕೆಂಡಿನಲ್ಲಿ 96 ಕಿ.ಮೀ. ವೇಗ ಮುಟ್ಟುವುದು ಬೊಲೆರೊ ಕೈಲಾಗದು. ಆದರೆ ಆ ವೇಗದಲ್ಲಿ ಟೊಮೆಟೊ ಕ್ರೇಟಿಗೆ ಏನಾಗುತ್ತದೆ ಹೇಳಿ?

ಭಾರತಕ್ಕೂ ಇಂಥ ಶೋಕಿಯ ಪಿಕಪ್ಪುಗಳು ಬಂದಿವೆ: 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್. ನೋಡಲು ಚೆಂದ, ಕೆಸರಿಗೂ ಅಂಜುವುದಿಲ್ಲ. ‘ಓಡಾಟಕ್ಕೂ ಆಯ್ತು, ಲೋಡಿಗೂ ಆಯ್ತು’ ಎಂದು ಲೆಕ್ಕ ಹಾಕಿ, ಸಾಲ ಮಾಡಿ ತರುವ ಯೋಚನೆ ನಿಮ್ಮ ಮನೆಯಲ್ಲೂ ಇದ್ದರೆ ಶೋರೂಮಿನಲ್ಲಿ ಎಚ್‌ಪಿಗಿಂತ ಮೊದಲು ಎರಡು ಅಂಕಿ ಕೇಳಿ: ಖಾಲಿ ಗಾಡಿಯ ತೂಕ, ಜನ-ಸಾಮಾನು ತುಂಬಿದಾಗ ಇರಬಹುದಾದ ಒಟ್ಟು ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಬರುವುದೇ ಹೊರೆ. ಡ್ರೈವರಿನ ತೂಕವೂ ಅದರಲ್ಲೇ ಸೇರಿರುತ್ತದೆಯೇ ಎಂದೂ ಕೇಳಿಬಿಡಿ. ಅಮೆರಿಕದಲ್ಲಿ ಜನ-ಸಾಮಾನು ಸೇರಿ ಇಷ್ಟೇ ತೂಕ ಎಂಬ ಚೀಟಿಯನ್ನು ಡ್ರೈವರ್ ಬಾಗಿಲ ಪಕ್ಕದಲ್ಲೇ ಅಂಟಿಸಿರುತ್ತಾರೆ. ಮುಂದಿನ ಸಲ ವಿಡಿಯೊ ಬಂದಾಗ, ಬಾಗಿಲು ತೆಗೆಯುವ ಹೊತ್ತಿಗೆ ನಿಲ್ಲಿಸಿ ನೋಡಿ.