ಡಿಂಗನ ಧ್ವನಿ ಯಾರದು?



ಎಂಬತ್ತು, ತೊಂಬತ್ತರ ದಶಕದಲ್ಲಿ ‘ಬಾಲಮಂಗಳ’ ಓದಿ ಬೆಳೆದವರಿಗೆ ಡಿಂಗನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಡಿನ ಬಡಪಾಯಿ ಪ್ರಾಣಿಗಳು ಕಷ್ಟದಲ್ಲಿ ಕೂಗಿದರೆ ಸಾಕು, ಹಾರಿ ಬಂದು ದುಷ್ಟರಿಗೆ ನಾಲ್ಕು ಬಾರಿಸಿ ಹೋಗುತ್ತಿದ್ದ ಪುಟ್ಟ ಇಲಿ. ನಮ್ಮಲ್ಲಿ ಎಷ್ಟೋ ಮಂದಿ ಅವನನ್ನು ಅಪ್ಪಟ ಕನ್ನಡದವನೆಂದೇ ನಂಬಿದ್ದೆವು. ಆದರೆ ಅವನ ತವರು ಕೇರಳ. ಮಲಯಾಳದ ‘ಬಾಲಮಂಗಳಂ’ ಪತ್ರಿಕೆಯಲ್ಲಿ 1983ರಲ್ಲಿ ಹುಟ್ಟಿದ ಅವನ ಅಲ್ಲಿನ ಹೆಸರು ಡಿಂಕನ್. ಕಥೆ ಎನ್. ಸೋಮಶೇಖರನ್ ಅವರದು, ಚಿತ್ರ ಬೇಬಿ ಅವರದು. ಅನ್ಯಗ್ರಹದವರು ಹಿಡಿದುಕೊಂಡು ಹೋಗಿ ಪ್ರಯೋಗ ಮಾಡಿದ್ದರಿಂದ ಇಲಿಗೆ ಅಪಾರ ಶಕ್ತಿ ಬಂತು ಎಂಬುದು ಅವನ ಜಾತಕ.

‘ಬಾಲಮಂಗಳಂ’ 2012ರಲ್ಲಿ ನಿಂತಿತು. ಇಲಿ ಮಾತ್ರ ನಿಲ್ಲಲಿಲ್ಲ. ಅವನನ್ನು ಓದಿ ಬೆಳೆದ ಹುಡುಗರು ತಮಾಷೆಗೆಂದು ಡಿಂಕನನ್ನೇ ದೇವರು ಮಾಡಿಕೊಂಡು ‘ಡಿಂಕೋಯಿಸಂ’ ಎಂಬ ಅಣಕು ಮತವನ್ನೇ ಕಟ್ಟಿದರು. ಅಷ್ಟರಲ್ಲಿ ನಟ ದಿಲೀಪ್ ಅವರ ‘ಪ್ರೊಫೆಸರ್ ಡಿಂಕನ್’ ಎಂಬ 3ಡಿ ಸಿನಿಮಾ ಘೋಷಣೆಯಾಯಿತು. ನಿರ್ದೇಶಕರು ಹಿರಿಯ ಛಾಯಾಗ್ರಾಹಕ ರಾಮಚಂದ್ರ ಬಾಬು. ಅದರಲ್ಲಿ ದಿಲೀಪ್ ಜಾದೂಗಾರ. ಇಲಿಯ ಕಥೆಯಲ್ಲ, ಹೆಸರಷ್ಟೇ ಇಲಿಯದು. 2016ರ ಆರಂಭದಲ್ಲಿ ಡಿಂಕನ ಭಕ್ತರು ಕೊಚ್ಚಿಯಲ್ಲಿ ದಿಲೀಪ್ ಅವರ ಹೋಟೆಲಿನ ಮುಂದೆ ಪ್ರತಿಭಟನೆಗೆ ನಿಂತರು. ‘ನಮ್ಮ ಭಾವನೆಗೆ ಧಕ್ಕೆಯಾಗಿದೆ’ ಎಂಬುದು ಅವರ ದೂರು! ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇಲ್ಲಿ ಓದಿದವರಿಗೂ ಇಲಿ ಮುದ್ದಾಗಿತ್ತು.

ಇದು ನಗೆಯಾಟ, ನಿಜ. ಆದರೆ ಆ ನಗೆಯೊಳಗೆ ಒಂದು ಗಂಭೀರ ಪ್ರಶ್ನೆಯಿದೆ. ಕಾಗದದ ಮೇಲಿನ ಪಾತ್ರ ತೆರೆಗೆ ಹೊರಟಾಗ ಅದರ ಮೇಲೆ ಹಕ್ಕು ಯಾರದು? ಬರೆದವನದೇ, ಅಚ್ಚು ಹಾಕಿದವನದೇ, ಇಲ್ಲಾ ಓದಿದವನದೇ? ಈ ಪ್ರಶ್ನೆಯನ್ನು ಕೇರಳದವರು ಡಿಂಕನಿಗಿಂತ ಬಹಳ ಮೊದಲೇ ಎದುರಿಸಿದ್ದರು.

ಕುಟ್ಟನಾಡಿನ ವಿ.ಟಿ. ಥಾಮಸ್, ಅಂದರೆ ‘ಟಾಮ್ಸ್’, ನೆರೆಮನೆಯ ಇಬ್ಬರು ತುಂಟ ಮಕ್ಕಳನ್ನು ಮಾದರಿಯಾಗಿಟ್ಟುಕೊಂಡು ಬೋಬನ್ ಮತ್ತು ಮೋಳಿ ಎಂಬ ಅಣ್ಣ-ತಂಗಿಯನ್ನು ಬರೆದರು. ‘ಮಲಯಾಳ ಮನೋರಮಾ’ ವಾರಪತ್ರಿಕೆಯ ಕೊನೆಯ ಪುಟ ಆ ಮಕ್ಕಳ ಮನೆಯಾಯಿತು. ಮಲಯಾಳಿಗಳು ವಾರಪತ್ರಿಕೆಯನ್ನು ಹಿಂದಿನಿಂದ ಓದಲು ಕಲಿತದ್ದೇ ಇವರಿಂದ ಎಂಬ ಮಾತು ಅಲ್ಲಿ ಇಂದಿಗೂ ಇದೆ. ಕೇಸೇ ಸಿಗದ ವಕೀಲ ಅಪ್ಪ, ಹೆಂಡತಿಗೆ ಹೆದರುವ ಪಂಚಾಯತ್ ಅಧ್ಯಕ್ಷ, ಊರಿನ ಹಿಪ್ಪಿ, ಮಕ್ಕಳ ಹಿಂದೆಯೇ ಓಡುವ ನಾಯಿಮರಿ. ಇಡೀ ಒಂದು ಊರು ಅದರಲ್ಲಿತ್ತು.

1971ರಲ್ಲಿ ಈ ಊರು ಸಿನಿಮಾ ಆಯಿತು. ‘ಬೋಬನುಂ ಮೋಳಿಯುಂ’ ಚಿತ್ರವನ್ನು ನಿರ್ದೇಶಿಸಿದವರು ಜೆ. ಶಶಿಕುಮಾರ್, ನೂರಕ್ಕೂ ಹೆಚ್ಚು ಸಿನಿಮಾ ಮಾಡಿದವರು. ತಾರಾಗಣದಲ್ಲಿ ಮಧು, ಅಡೂರ್ ಭಾಸಿ, ಕವಿಯೂರ್ ಪೊನ್ನಮ್ಮ ಇದ್ದರು. ಆ ಕಾಲದ ದೊಡ್ಡ ಹೆಸರುಗಳು. ಆದರೂ ಈ ಕೆಲಸದ ಕಷ್ಟ ಎಲ್ಲಿದೆ ನೋಡಿ. ಪತ್ರಿಕೆಯಲ್ಲಿ ಬೋಬನ್, ಮೋಳಿಯರ ತುಂಟತನ ಒಂದೇ ಪುಟದಲ್ಲಿ ಮುಗಿಯುತ್ತಿತ್ತು. ಸಿನಿಮಾಕ್ಕೆ ಎರಡು ಗಂಟೆ ಮೀರಿದ ಕಥೆ ಬೇಕು, ಹಾಡು ಬೇಕು, ಅಳು ಬೇಕು, ಕೊನೆಗೊಂದು ಮುಕ್ತಾಯವೂ ಬೇಕು. ಮುಕ್ತಾಯವೇ ಇಲ್ಲದಿರುವುದು ಆ ಚಿತ್ರಕಥೆಯ ಜೀವಾಳ. ಮುಂದಿನ ವಾರ ಮಕ್ಕಳು ಮತ್ತೆ ಅದೇ ವಯಸ್ಸಿನವರಾಗಿ, ಅದೇ ನಾಯಿಯೊಂದಿಗೆ ಬರಬೇಕು. ನಟಿಸಿದ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಗೆರೆಯ ಮಕ್ಕಳಿಗೆ ಆ ಕಾಟವಿಲ್ಲ.

ಇನ್ನೂ ಒಂದು ವಿಷಯ, ಮೈಕಿನ ಮುಂದೆ ಕೂರುವ ನನ್ನಂಥವರಿಗೆ ಬೇಗ ಹೊಳೆಯುವಂಥದ್ದು. ಅಚ್ಚಾದ ಪಾತ್ರಕ್ಕೆ ಮುಖವಿದೆ, ಧ್ವನಿಯಿಲ್ಲ. ಧ್ವನಿಯನ್ನು ಓದುವ ಮಗುವೇ ಕೊಡುತ್ತದೆ. ಕೊಟ್ಟಾಯಂನ ಮಗು ಕೊಟ್ಟಾಯಂನ ರಾಗದಲ್ಲಿ, ಕಾಸರಗೋಡಿನ ಮಗು ತನ್ನ ರಾಗದಲ್ಲಿ. ರೇಡಿಯೋದಲ್ಲಿ ಇದರ ತಿರುವುಮುರುವು: ಧ್ವನಿ ನಮ್ಮದು, ಮುಖ ನಿಮ್ಮ ಕಲ್ಪನೆಯದು. ಎರಡೂ ಕಡೆ ಅರ್ಧ ಕೆಲಸ ಕೇಳುಗರದು ಅಥವಾ ಓದುಗರದು. ಸಿನಿಮಾ ಮುಖವನ್ನೂ ಧ್ವನಿಯನ್ನೂ ತಾನೇ ಕೊಟ್ಟುಬಿಡುತ್ತದೆ. ಲಕ್ಷ ಧ್ವನಿಗಳಿದ್ದ ಜಾಗದಲ್ಲಿ ಒಂದೇ ಧ್ವನಿ ಕೂರುತ್ತದೆ. ‘ಇವನು ನಮ್ಮ ಬೋಬನ್ ಅಲ್ಲ’ ಎಂದು ಯಾರಿಗಾದರೂ ಅನ್ನಿಸಿದರೆ, ತಪ್ಪು ನಟನದೇ ಆಗಿರಬೇಕಿಲ್ಲ.

ಟಾಮ್ಸ್ ಅವರ ಪಾತ್ರಗಳು ಮುಂದೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದವು. 1987ರಲ್ಲಿ ಅವರು ಮನೋರಮಾದಿಂದ ನಿವೃತ್ತರಾಗಿ, ತಿರುವನಂತಪುರದ ‘ಕಲಾಕೌಮುದಿ’ಗೆ ಬೋಬನ್-ಮೋಳಿಯರನ್ನು ಬರೆಯಲು ಹೊರಟರು. ಪಾತ್ರಗಳು ತಮ್ಮವೆಂದು ಮನೋರಮಾ ದಾವೆ ಹೂಡಿತು. ವಿಷಯ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟ್ ತನಕ ಹೋಯಿತು. ಕೆಲಸ ಬಿಟ್ಟ ಮೇಲೆ ಕಲಾವಿದ ತಾನೇ ಸೃಷ್ಟಿಸಿದ ಪಾತ್ರಗಳನ್ನು ಹೊಸದಾಗಿ ಬರೆಯದಂತೆ ತಡೆಯಲಾಗದು ಎಂಬುದು ನ್ಯಾಯಾಲಯದ ನಿಲುವಾಯಿತು. ಕೃತಿಸ್ವಾಮ್ಯದ ಪಾಠಗಳಲ್ಲಿ ಇಂದಿಗೂ ಉಲ್ಲೇಖವಾಗುವ ಪ್ರಕರಣವಿದು. ಬರೆದವನಿಗೂ ಅಚ್ಚು ಹಾಕಿದವನಿಗೂ ನಡುವೆ ಹೀಗೆ ತೀರ್ಮಾನವಾಯಿತು. ಮೂರನೇ ಹಕ್ಕುದಾರ, ಅಂದರೆ ಓದುಗ, ಮಾತ್ರ ಕಟಕಟೆಗೆ ಬರಲೇ ಇಲ್ಲ. ಅವನ ಕೈಯಲ್ಲಿ ಯಾವ ಕಾಗದಪತ್ರವೂ ಇರಲಿಲ್ಲ.

ಓದುಗನ ಈ ಹಕ್ಕನ್ನು ಮುಟ್ಟದೆ ತೆರೆಗೆ ದಾಟಿದವರೂ ಇದ್ದಾರೆ. ಕೊಟ್ಟಾಯಂನ ಜಿ. ಅರವಿಂದನ್ ರಬ್ಬರ್ ಮಂಡಳಿಯ ನೌಕರರು. 1961ರಿಂದ 1973ರವರೆಗೆ ‘ಮಾತೃಭೂಮಿ’ ವಾರಪತ್ರಿಕೆಯಲ್ಲಿ ‘ಚೆರಿಯ ಮನುಷ್ಯರುಂ ವಲಿಯ ಲೋಕವುಂ’, ಅಂದರೆ ‘ಸಣ್ಣ ಮನುಷ್ಯರು ಮತ್ತು ದೊಡ್ಡ ಲೋಕ’, ಎಂಬ ಚಿತ್ರಮಾಲೆ ಬರೆದರು. ಅದರ ನಾಯಕ ರಾಮು, ಕೆಲಸವಿಲ್ಲದ ಯುವಕ. ಬೋಬನ್‌ನಂತಲ್ಲ, ಅವನು ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಹೋದ. ಮುಂದೆ ಅರವಿಂದನ್ 1974ರಲ್ಲಿ ‘ಉತ್ತರಾಯಣಂ’ ಸಿನಿಮಾ ಮಾಡಿದರು. ರಾಮುವನ್ನು ಹೆಸರು ಹಿಡಿದು ತೆರೆಗೆ ಎಳೆದು ತರಲಿಲ್ಲ. ಕೆಲಸ ಹುಡುಕುವ ರವಿ ಎಂಬ ಇನ್ನೊಬ್ಬ ಯುವಕನ ಕಥೆ ಹೇಳಿದರು. ಮುಖ ಬೇರೆ, ಒಳಗಿನ ಸಂಕಟ ಅದೇ.

ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ದಾರಿಯೂ ಹೆಚ್ಚುಕಡಿಮೆ ಇದೇ. 1988ರಲ್ಲಿ ದೂರದರ್ಶನದಲ್ಲಿ ‘ವಾಗ್ಲೆ ಕಿ ದುನಿಯಾ’ ಬಂತು. ಅಂಜನ್ ಶ್ರೀವಾಸ್ತವ ಅದರಲ್ಲಿ ಜನಸಾಮಾನ್ಯನ ಪಾಡನ್ನೆಲ್ಲ ಪಟ್ಟರು. ಆದರೆ ಚೌಕುಳಿ ಕೋಟಿನ ಆ ‘ಶ್ರೀಸಾಮಾನ್ಯ’ ಪತ್ರಿಕೆಯಲ್ಲಿ ಮೂಕನಾಗಿಯೇ ಉಳಿದ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹಾಲಿವುಡ್ ಸಾಕ್ಷಿ ಬೇಕೆಂದರೆ, ಅದಕ್ಕೂ ಕೇರಳದ ಕಡೆಯ ನಂಟಿದೆ. ಮಂಗಳೂರಿನಿಂದ ಕೋಝಿಕ್ಕೋಡಿಗೆ ರೈಲಿನಲ್ಲಿ ಹೋದವರಿಗೆ ಮಾಹೆ ಗೊತ್ತು. ಸುತ್ತ ಕೇರಳ, ಆಡಳಿತ ಪುದುಚೇರಿಯದು. ಎಂ. ನೈಟ್ ಶ್ಯಾಮಲನ್ 1970ರಲ್ಲಿ ಹುಟ್ಟಿದ್ದು ಅಲ್ಲೇ. ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನ್ ಧಾರಾವಾಹಿಯನ್ನು ಅವರು 2010ರಲ್ಲಿ ಸಿನಿಮಾ ಮಾಡಿದರು. ಇಪ್ಪತ್ತು ಕಂತುಗಳ ಕಥೆಯನ್ನು ಎರಡು ಗಂಟೆಗೂ ಕಡಿಮೆ ಅವಧಿಯಲ್ಲಿ ತುರುಕಲಾಯಿತು. ಏಷ್ಯಾದ ಛಾಯೆಯಿದ್ದ ಮುಖ್ಯ ಪಾತ್ರಗಳನ್ನು ಬಿಳಿಯ ನಟರಿಗೆ ಕೊಟ್ಟಿದ್ದಾರೆಂದು ಚಿತ್ರೀಕರಣಕ್ಕೆ ಮೊದಲೇ ಪ್ರತಿಭಟನೆ ಎದ್ದಿತು. ನಾಯಕನ ಹೆಸರಿನ ಉಚ್ಚಾರವನ್ನು ‘ಆ್ಯಂಗ್’ನಿಂದ ‘ಆಂಗ್’ ಎಂದು ಬದಲಿಸಿದ್ದಕ್ಕೂ ಅಭಿಮಾನಿಗಳು ಸಿಡಿದರು. ಏಷ್ಯಾದ ಉಚ್ಚಾರಕ್ಕೆ ಇದೇ ಹತ್ತಿರ ಎಂಬ ಶ್ಯಾಮಲನ್ ಸಮಜಾಯಿಷಿ ನಡೆಯಲಿಲ್ಲ. ಮೂರು ವರ್ಷ ಕಿವಿಯಲ್ಲಿ ಕೂತ ಹೆಸರು ಭಾಷಾಶಾಸ್ತ್ರ ಕೇಳುವುದಿಲ್ಲ. ಚಿತ್ರ ಹಣ ಗಳಿಸಿದರೂ ಆ ವರ್ಷದ ಅತಿ ಕೆಟ್ಟ ಚಿತ್ರವೆಂಬ ರಾಝಿ ಬಿರುದು ಹೊತ್ತಿತು. 2024ರಲ್ಲಿ ನೆಟ್‌ಫ್ಲಿಕ್ಸ್ ಅದೇ ಕಥೆಯನ್ನು ಎಂಟು ಕಂತುಗಳಲ್ಲಿ ನಟರನ್ನಿಟ್ಟು ಮತ್ತೆ ಮಾಡಿತು, ಈ ಸಲ ಏಷ್ಯಾ ಮೂಲದ ಮುಖಗಳೊಂದಿಗೆ.

ಹಾಗೆಂದು ಅಭಿಮಾನಿ ಹೇಳಿದ್ದೆಲ್ಲ ವೇದವಾಕ್ಯವೇ? ಖಂಡಿತ ಅಲ್ಲ. ಓದುಗರ ಮಾತನ್ನೇ ಕೇಳಿದ್ದರೆ ಅರವಿಂದನ್ ರಾಮುವನ್ನು ಬದಲಾಗಲು ಬಿಡುತ್ತಿದ್ದರೋ ಇಲ್ಲವೋ. ಆದರೆ ಓದುಗ ಕೇಳುವುದು ಕೆಂಪು ಚಡ್ಡಿಯ ಬಣ್ಣ ಸರಿಯಿರಲಿ ಎಂದಷ್ಟೇ ಅಲ್ಲ. ತಾನು ಬಾಲ್ಯದಲ್ಲಿ ಹಾಕಿದ ಪಾಲಿಗೆ ಒಂದಿಷ್ಟು ಮರ್ಯಾದೆ ಕೇಳುತ್ತಾನೆ. ಅದನ್ನು ಕೊಟ್ಟವರು ಕಥೆ ಬದಲಿಸಿದರೂ ಅವನು ಸಹಿಸಿಕೊಂಡಾನು.

ಟಾಮ್ಸ್ 2016ರ ಏಪ್ರಿಲ್‌ನಲ್ಲಿ ತೀರಿಕೊಂಡರು. ‘ಪ್ರೊಫೆಸರ್ ಡಿಂಕನ್’ ತೆರೆಗೆ ಬರುವ ಮೊದಲೇ, 2019ರ ಡಿಸೆಂಬರ್‌ನಲ್ಲಿ, ರಾಮಚಂದ್ರ ಬಾಬು ಕೂಡ ಹೊರಟುಹೋದರು. ಹಾಗಾಗಿ ಡಿಂಗನ ಧ್ವನಿಯನ್ನು ಆ ಸಿನಿಮಾ ನಮ್ಮಿಂದ ಕಿತ್ತುಕೊಳ್ಳಲಿಲ್ಲ. ನಿಮ್ಮ ಡಿಂಗ ಹೇಗೆ ಮಾತಾಡುತ್ತಿದ್ದ? ಮಂಗಳೂರು ಕನ್ನಡವೇ, ಧಾರವಾಡದ್ದೇ? ನಾಲ್ಕು ಸಾಲು ಬರೆದು ಕಳಿಸಿ, ನಮ್ಮ ಕನ್ನಡ ವೇಳೆಯಲ್ಲಿ ಓದೋಣ. ಯಾವ ಧ್ವನಿಯಲ್ಲಿ ಓದಬೇಕೆಂದು ಮಾತ್ರ ನೀವೇ ಹೇಳಬೇಕು.