ಬಿಸಿನೀರಿನ ಜಾಡು

ಹೋಳಿಗೆ ಊಟ ಮುಗಿಸಿ ತಣ್ಣೀರಿನ ತಂಬಿಗೆಗೆ ಕೈ ಹಾಕಿದರೆ ಬೀದರ ಜಿಲ್ಲೆಯ ನಿರ್ಣಾದ ಕಡೆ ಹಿರಿಯರು ತಡೆಯುತ್ತಾರೆ: "ಬಿಸಿನೀರ ಕುಡಿ, ಹೊಟ್ಟಿ ಹಗುರ ಆಗ್ತದ." ಯಾಕೆಂದು ಕೇಳಿದರೆ, "ಹಳೇ ವೈದ್ಯದಾಗ ಹಂಗೇ ಹೇಳ್ಯಾರ." ಹೇಳಿದ್ದರೆ ಎಲ್ಲಿ, ಯಾರಿಗೆ? ಇದನ್ನು ಹುಡುಕಲು ಹೊರಟವನು ಮೊದಲು ತೆರೆದದ್ದು ಈ ಸೀಮೆಯಲ್ಲೇ ಹುಟ್ಟಿದ ಒಂದು ಗ್ರಂಥವನ್ನು.

ಇಂದಿನ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಐದು ವಿಂಶತಿ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ. ಮೂರನೆಯ ವಿಂಶತಿಯಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗವೂ ಇದೆ. ಬರೋಡದ ಗಾಯಕವಾಡ ಮಾಲೆಯಲ್ಲಿ 1939ರಲ್ಲಿ ಹೊರಬಂದ ಎರಡನೆಯ ಸಂಪುಟದಲ್ಲಿ ಅದು ಸಿಗುತ್ತದೆ. ಅರಸನಿಗೆ ನೀರೆಂದರೆ ಅಮೃತ. ಮಳೆಯ ನೀರು, ಹೊಳೆಯ ನೀರು, ಕೆರೆ, ಬಾವಿ, ಒರತೆಯ ನೀರು ಎಂದು ಮೂಲ ನೋಡಿ ವಿಂಗಡಿಸುತ್ತಾನೆ. ಯಾವ ಋತುವಿಗೆ ಯಾವುದು ಎಂದು ಗೊತ್ತುಮಾಡುತ್ತಾನೆ. ಕಾಸುವುದೂ ಅಲ್ಲಿದೆ, ತ್ರಿಫಲೆಯಿಂದ ಶುದ್ಧಿ ಮಾಡುವುದೂ ಇದೆ. ಪಾದರಿ, ಸಂಪಿಗೆ ಹೂವಿನಿಂದಲೂ ಕರ್ಪೂರದಿಂದಲೂ ನೀರಿಗೆ ಪರಿಮಳ ಕಟ್ಟುತ್ತಾನೆ. ಆದರೆ ಕಾಸುವುದು ಇಲ್ಲಿ ಶುದ್ಧಿಯ ಸಾಲಿನಲ್ಲಿ ಬರುತ್ತದೆ. ನೀರಿನ ಹುಟ್ಟು, ಋತು, ಶುದ್ಧಿ, ರುಚಿ ಈ ಅರಸನ ಲಕ್ಷ್ಯ. ನಾನು ಹುಡುಕುತ್ತಿದ್ದ ಅಜೀರ್ಣದ ಹೊಟ್ಟೆ ವೈದ್ಯಗ್ರಂಥಗಳಲ್ಲೇ ಸಿಗಬೇಕಿತ್ತು.

ಸಿಕ್ಕಿತು, ಆದರೆ ಎಣಿಸದ ಜಾಗದಲ್ಲಿ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಇರುವುದು ಊರಿಗೆ ಊರೇ ಹಾಳಾಗುವ ಸಾಂಕ್ರಾಮಿಕಗಳ ಕುರಿತು. ಗಾಳಿ, ನೀರು, ನೆಲ, ಕಾಲ, ಈ ನಾಲ್ಕು ಕೆಟ್ಟರೆ ಜನಪದವೇ ಅಳಿಯುತ್ತದೆ ಎನ್ನುವ ಅಧ್ಯಾಯ ಅದು. ಅದರ ಕೊನೆಗೆ ಅಗ್ನಿವೇಶ ಗುರು ಆತ್ರೇಯನನ್ನು ಕೇಳುತ್ತಾನೆ: ಜ್ವರದವರಿಗೆ ವೈದ್ಯರು ತಣ್ಣೀರಿಗಿಂತ ಬಿಸಿನೀರನ್ನೇ ಹೆಚ್ಚಾಗಿ ಕೊಡುವುದು ಯಾಕೆ? ಗುರುವಿನ ಉತ್ತರ ನೇರವಾಗಿದೆ. ಜ್ವರ ಹುಟ್ಟುವುದು ಆಮಾಶಯದಲ್ಲಿ, ಅಂದರೆ ಜಠರದಲ್ಲಿ. ಅಲ್ಲಿನ ದೋಷ ಪಕ್ವವಾಗಬೇಕು. ಬಿಸಿನೀರು ವಾತವನ್ನು ಕೆಳಮುಖ ಮಾಡುತ್ತದೆ, ಜಠರಾಗ್ನಿಯನ್ನು ಎಬ್ಬಿಸುತ್ತದೆ, ತಾನೂ ಬೇಗ ಅರಗುತ್ತದೆ, ಕಫವನ್ನು ಒಣಗಿಸುತ್ತದೆ, ಸ್ವಲ್ಪವೇ ಕುಡಿದರೂ ನೀರಡಿಕೆ ತಣಿಸುತ್ತದೆ. ನಿರ್ಣಾದ ಹಿರಿಯರ ಮಾತಿನ ಬೇರು ಇಲ್ಲಿದೆ ಎಂದು ಪುಸ್ತಕ ಮುಚ್ಚಬಹುದಿತ್ತು. ಆದರೆ ಆತ್ರೇಯ ಅಲ್ಲಿಗೆ ನಿಲ್ಲಿಸುವುದಿಲ್ಲ. ಪಿತ್ತ ವಿಪರೀತ ಕೆರಳಿದ ಜ್ವರದಲ್ಲಿ, ಮೈ ಉರಿ, ತಲೆ ತಿರುಗು, ಬಡಬಡಿಕೆ, ಭೇದಿ ಇದ್ದಾಗ ಬಿಸಿನೀರು ಬೇಡ. ಅದರಿಂದ ಅವೆಲ್ಲ ಏರುತ್ತವೆ, ತಣ್ಣೀರಿನಿಂದ ಇಳಿಯುತ್ತವೆ. ಎಂದರೆ ಬಿಸಿನೀರು ಇಲ್ಲಿ ಔಷಧ. ರೋಗಿಯನ್ನು ನೋಡಿ ಕೊಡುವಂಥದ್ದು, ನೋಡಿ ತಡೆಯುವಂಥದ್ದು.

ವಾಗ್ಭಟನ 'ಅಷ್ಟಾಂಗಹೃದಯ'ದಲ್ಲಿ ಇದು ಎರಡು ಪಟ್ಟಿಗಳಾಗಿ ಬೇರ್ಪಡುತ್ತದೆ. ಸೂತ್ರಸ್ಥಾನದ ಐದನೆಯ ಅಧ್ಯಾಯ ನೀರಿನಿಂದಲೇ ಶುರು. ಬಿಕ್ಕಳಿಕೆ, ಹೊಟ್ಟೆ ಉಬ್ಬರ, ಹೊಸ ಜ್ವರ, ಕೆಮ್ಮು, ನೆಗಡಿ, ಉಬ್ಬಸ, ಪಕ್ಕೆನೋವು ಬಿಸಿನೀರಿನ ಪಾಲು. ಕುಡಿತದ ಅಮಲಿನ ತೊಂದರೆ, ಮೂರ್ಛೆ, ವಾಂತಿ, ದಣಿವು, ಬಾಯಾರಿಕೆ, ಉರಿ, ವಿಷಬಾಧೆ ತಣ್ಣೀರಿನ ಪಾಲು. ಊಟದ ಸಮಯಕ್ಕೂ ಲೆಕ್ಕವಿದೆ: ನಡುವೆ ಕುಡಿದವನ ಮೈ ಸಮವಾಗಿರುತ್ತದೆ, ಕೊನೆಗೆ ಕುಡಿದವನು ದಪ್ಪಗಾಗುತ್ತಾನೆ, ಮೊದಲೇ ಕುಡಿದವನು ಸೊರಗುತ್ತಾನೆ. ಹೋಳಿಗೆಯ ಮೇಲೆ ತಂಬಿಗೆ ಎತ್ತುವವನಿಗೆ ಈ ಸೂತ್ರದಲ್ಲಿ ಬಿಸಿ ತಣ್ಣನೆಯ ಭೇದವೇ ಇಲ್ಲ. ಯಾವಾಗ ಕುಡಿದೆ ಎಂಬುದೇ ಪ್ರಶ್ನೆ.

ನೀರು ಕಾಸುವುದಕ್ಕೆ ಹೊಟ್ಟೆಯೊಂದೇ ಕಾರಣವೂ ಅಲ್ಲ. ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಯ ಅಮೋಘವರ್ಷ ನೃಪತುಂಗನ ಕಾಲದ ಜೈನ ಮುನಿ ಉಗ್ರಾದಿತ್ಯ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥ ಬರೆದ. ಮದ್ಯ, ಮಾಂಸ, ಜೇನು ಇಲ್ಲದ ಚಿಕಿತ್ಸೆ ಅವನದು. ಜೈನ ಮುನಿಗಳು ಕಾಸಿದ ನೀರನ್ನೇ ಕುಡಿಯುವುದು ಅಹಿಂಸೆಗಾಗಿ, ನೀರಿನ ಜೀವಗಳ ವಿಚಾರವಾಗಿ. ಈ ಸೀಮೆಯ ಒಲೆಯ ಮೇಲೆ ನೀರು ಕಾದದ್ದಕ್ಕೆ ವೈದ್ಯ, ವ್ರತ ಎರಡೂ ಇದ್ದವು.

ಪ್ರಯೋಗಶಾಲೆ ಏನೆನ್ನುತ್ತದೆ? 1988ರಲ್ಲಿ 'ಗಟ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ 4, 37, 50 ಡಿಗ್ರಿ ಸೆಲ್ಸಿಯಸ್‌ನ ಕಿತ್ತಳೆ ರಸ ಕುಡಿಸಿ ನೋಡಿದರು. ತಣ್ಣನೆಯದು ಹೊಟ್ಟೆಯಿಂದ ಇಳಿಯಲು ಮೊದಮೊದಲು ತಡಮಾಡಿತು. ಆದರೆ 20ರಿಂದ 30 ನಿಮಿಷದಲ್ಲಿ ಹೊಟ್ಟೆಯೊಳಗಿನ ಬಿಸುಪು ಮೈಯ ಬಿಸುಪಿಗೆ ಮರಳಿತು. ವ್ಯತ್ಯಾಸವಿದೆ, ಆದರೆ ಅರ್ಧ ಗಂಟೆಯೊಳಗಿನದು.

ವಾಗ್ಭಟನ ಪಟ್ಟಿಗಳ ನಡುವೆ ಮೂರನೆಯ ನೀರೊಂದಿದೆ: ಕಾಸಿ ಆರಿಸಿದ್ದು. ಅದು ಹಗುರ, ಪಿತ್ತ ಕೂಡಿದ ದೋಷಕ್ಕೂ ಒಳ್ಳೆಯದು. ಆದರೆ ರಾತ್ರಿಯಿಡೀ ಇಟ್ಟು ಹಳಸಿದರೆ ಮೂರೂ ದೋಷ ಕೆರಳಿಸುತ್ತದೆ. ಹಳೆಯ ವೈದ್ಯರು ಒಂದೇ ನೀರನ್ನು ಎಲ್ಲರಿಗೂ ಬರೆದುಕೊಟ್ಟಿಲ್ಲ. ಅವರ ಹೆಸರು ಹೇಳಿ ಯಾರಾದರೂ ಬಿಸಿನೀರು ಕೊಟ್ಟರೆ, ಕುಡಿಯುವ ಮುನ್ನ ನಮಗೇನಾಗಿದೆ ಎಂದು ಕೊಡುವವರೇ ಮೊದಲು ಕೇಳಬೇಕು.