ಕಚೇರಿಯ ಹೊರಗಿನಿಂದ ಕಾರ್ಯನಿರ್ವಹಿಸುವ ನೌಕರರಿಗೆ ಸುರಕ್ಷಿತ ಜಾಲ ಸಂಪರ್ಕ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಯಚೂರು ನಗರ, ದೇವದುರ್ಗ ಹಾಗೂ ಮಾನ್ವಿಯ ನಾಗರಿಕರು ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಸಾಮಾಜಿಕ ಭದ್ರತಾ ಪಿಂಚಣಿ, ಸಂವಿಧಾನದ 371(ಜೆ) ವಿಧಿಯಡಿಯ ಅರ್ಹತಾ ಪ್ರಮಾಣ ಪತ್ರ ಮುಂತಾದ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳು ಗಣಕ ಜಾಲದ ಮೂಲಕ ಒಬ್ಬ ಅಧಿಕಾರಿಯಿಂದ ಮತ್ತೊಬ್ಬ ಅಧಿಕಾರಿಗೆ ರವಾನೆಯಾಗುತ್ತವೆ. ಅರ್ಜಿದಾರರ ಆಧಾರ್ ಸಂಖ್ಯೆ, ಆದಾಯ, ಜಮೀನಿನ ಸರ್ವೆ ನಂಬರ್, ಬ್ಯಾಂಕ್ ಖಾತೆ ಮೊದಲಾದ ವಿವರಗಳೂ ಅದೇ ಜಾಲದಲ್ಲಿ ಸಾಗುತ್ತವೆ. ಈ ವಿವರಗಳು ಅನ್ಯರ ಕೈಸೇರಿದಲ್ಲಿ ಪಿಂಚಣಿಯ ಹಣಕ್ಕೂ ಜಮೀನಿನ ದಾಖಲೆಗೂ ಅಪಾಯ ಉಂಟಾಗಬಹುದು.

ಅದೇ ವೇಳೆ, ಅಧಿಕಾರಿಯು ಪ್ರವಾಸದಲ್ಲಿರುವ ಕಾರಣಕ್ಕೆ ಅರ್ಜಿಯು ನಿಲ್ಲಬಾರದು. ಒಂದು ಪ್ರಮಾಣ ಪತ್ರಕ್ಕಾಗಿ ಎರಡನೆಯ ಬಾರಿ ತಾಲ್ಲೂಕು ಕಚೇರಿಗೆ ಬರಬೇಕಾದ ಕೂಲಿಕಾರರಿಗೆ ಅಂದಿನ ಕೂಲಿ ನಷ್ಟವಾಗುತ್ತದೆ. ಕಡತವನ್ನು ಕಚೇರಿಯ ಹೊರಗಿನಿಂದ ತೆರೆಯಲು ಅವಕಾಶವಿರಬೇಕು, ಆದರೆ ಅದು ಬೇರೆಯವರಿಗೆ ಕಾಣಬಾರದು. ಈ ಎರಡೂ ಅಗತ್ಯಗಳನ್ನು ಪೂರೈಸುವ ವ್ಯವಸ್ಥೆಯೇ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್, ಅಂದರೆ ವಿಪಿಎನ್.

ಹಿನ್ನೆಲೆ

ಭೂಮಿ ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿದಾಗ, ತಾಲ್ಲೂಕು ಕಚೇರಿಯ ಅಧಿಕಾರಿಯ ಬೆರಳಚ್ಚು ತಾಳೆಯಾದ ನಂತರವೇ ತಂತ್ರಾಂಶ ತೆರೆಯುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ದಾಖಲೆಯನ್ನು ಬದಲಾಯಿಸಿದವರು ಯಾರು ಎಂಬುದು ಖಚಿತವಾಗಿ ತಿಳಿಯಬೇಕೆಂಬುದು ಇದರ ಉದ್ದೇಶವಾಗಿತ್ತು.

ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ರಾಜ್ಯವ್ಯಾಪಿ ಜಾಲಗಳ ಯೋಜನೆಯನ್ನು ಅನುಮೋದಿಸಿ, ರಾಜ್ಯ ಕೇಂದ್ರದಿಂದ ಜಿಲ್ಲೆ ಹಾಗೂ ತಾಲ್ಲೂಕು ಮಟ್ಟದವರೆಗೆ ಕನಿಷ್ಠ 2 ಎಂಬಿಪಿಎಸ್ ಸಾಮರ್ಥ್ಯದ ಸಂಪರ್ಕವನ್ನು ನಿಗದಿಪಡಿಸಿತು. ಕರ್ನಾಟಕದಲ್ಲಿ ಇಂತಹ ಜಾಲವನ್ನು ಕೆ-ಸ್ವಾನ್ ಎಂದು ಕರೆಯಲಾಗುತ್ತದೆ. ಜಿಲ್ಲಾಧಿಕಾರಿಗಳ ಕಚೇರಿ ಮತ್ತು ತಾಲ್ಲೂಕು ಕಚೇರಿಗಳನ್ನು ಈ ಜಾಲವು ರಾಜ್ಯ ಕೇಂದ್ರಕ್ಕೆ ಜೋಡಿಸುತ್ತದೆ. ಇದು ಸಾರ್ವಜನಿಕ ಅಂತರ್ಜಾಲದಿಂದ ಪ್ರತ್ಯೇಕವಾದ ಸರ್ಕಾರದ ಆಂತರಿಕ ಜಾಲ. ಜಾಲದ ಒಳಗಿರುವ ಗಣಕಯಂತ್ರದಿಂದ ಆಂತರಿಕ ತಂತ್ರಾಂಶವನ್ನು ನೇರವಾಗಿ ತೆರೆಯಬಹುದು. ಹೊರಗಿರುವ ಅಧಿಕಾರಿಗೆ ಪ್ರತ್ಯೇಕ ಸುರಕ್ಷಿತ ದಾರಿ ಬೇಕಾಗುತ್ತದೆ.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಈ ಅಗತ್ಯವು ವ್ಯಾಪಕವಾಗಿ ಕಂಡುಬಂದಿತು. ಅದಕ್ಕೂ ಮುನ್ನ, ಮಾರ್ಚ್ 13ರಂದು ಕೇಂದ್ರ ದೂರಸಂಪರ್ಕ ಇಲಾಖೆಯು ಖಾಸಗಿ ಮಾಹಿತಿ ತಂತ್ರಜ್ಞಾನ ಸೇವಾ ಸಂಸ್ಥೆಗಳ ನೌಕರರು ಮನೆಯಿಂದಲೇ ಕೆಲಸ ಮಾಡಲು ಅನುಕೂಲವಾಗುವಂತೆ ನಿಯಮಗಳನ್ನು ಸಡಿಲಿಸಿತ್ತು. ಅದೇ ವರ್ಷದ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ತನ್ನ ಕಚೇರಿಗಳಿಗೆ ಸಿದ್ಧಪಡಿಸಿದ ಕರಡು ಮಾರ್ಗಸೂಚಿಯಲ್ಲಿ, ಇ-ಕಚೇರಿ ಕಡತಗಳನ್ನು ಮನೆಯಿಂದ ನಿರ್ವಹಿಸಲು ವಿಪಿಎನ್ ಸೌಲಭ್ಯವನ್ನು ಶಾಖಾಧಿಕಾರಿಗಳ ಹಂತದವರೆಗೆ ವಿಸ್ತರಿಸುವ ಪ್ರಸ್ತಾವವಿತ್ತು.

ವಿಪಿಎನ್ ಕಾರ್ಯನಿರ್ವಹಿಸುವ ವಿಧಾನ

ತೆರೆದ ಕಾಲುವೆಯಲ್ಲಿ ಹರಿಯುವ ನೀರನ್ನು ನಡುದಾರಿಯಲ್ಲಿ ಯಾರಾದರೂ ಪಂಪ್ ಇಟ್ಟು ಎತ್ತಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ ಮತ್ತು ರಾಯಚೂರು ತಾಲ್ಲೂಕಿನ ರೈತರಿಗೆ ಇದು ತಿಳಿದ ಸಂಗತಿ. ಸಾರ್ವಜನಿಕ ಅಂತರ್ಜಾಲವು ತೆರೆದ ಕಾಲುವೆಯಂತಿದ್ದರೆ, ವಿಪಿಎನ್ ಅದರೊಳಗೆ ಹಾಕಿದ ಮುಚ್ಚಿದ ಕೊಳವೆಯಂತಿದೆ. ಅದರ ಹಂತಗಳು ಈ ಕೆಳಕಂಡಂತಿವೆ:

1. ಗುರುತಿನ ಪರಿಶೀಲನೆ: ನೌಕರರು ತಮ್ಮ ಬಳಕೆದಾರ ಹೆಸರು ಹಾಗೂ ಗುಪ್ತಪದವನ್ನು ನಮೂದಿಸುತ್ತಾರೆ. ಇದರೊಂದಿಗೆ ಒಮ್ಮೆ ಮಾತ್ರ ಬಳಸಬಹುದಾದ ಒಟಿಪಿ ಅಥವಾ ಅಂಕೀಯ ಪ್ರಮಾಣ ಪತ್ರದ ಪರಿಶೀಲನೆಯೂ ಇದ್ದಲ್ಲಿ, ಗುಪ್ತಪದವೊಂದೇ ಕಳುವಾದರೂ ಪ್ರವೇಶ ದೊರೆಯುವುದಿಲ್ಲ.

2. ಗೂಢಲಿಪೀಕರಣ: ಲ್ಯಾಪ್‌ಟಾಪ್‌ನಿಂದ ಹೊರಡುವ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಲಾಗುತ್ತದೆ. ನಡುದಾರಿಯಲ್ಲಿ ಯಾರಿಗಾದರೂ ಅದು ದೊರೆತರೂ ಓದಲಾಗುವುದಿಲ್ಲ.

3. ಸೀಮಿತ ಪ್ರವೇಶ: ನೌಕರರ ಹುದ್ದೆಗೆ ಅಗತ್ಯವಿರುವ ತಂತ್ರಾಂಶಕ್ಕೆ ಮಾತ್ರ ಅನುಮತಿ ನೀಡುವುದು ಸರಿಯಾದ ಕ್ರಮ.

4. ದಾಖಲೆ: ಯಾರು, ಯಾವಾಗ, ಎಲ್ಲಿಂದ ಪ್ರವೇಶಿಸಿದರು ಎಂಬುದು ದಾಖಲಾಗುತ್ತದೆ. ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಇಂತಹ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕು.

ಮಾರುಕಟ್ಟೆಯಲ್ಲಿ ದೊರೆಯುವ ಖಾಸಗಿ ವಿಪಿಎನ್ ಸೇವೆಗಳು ಇದಕ್ಕಿಂತ ಭಿನ್ನ. ಅವುಗಳ ಮೂಲಕ ಸಾಗುವ ಮಾಹಿತಿಯು ಹೊರಗಿನ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಆದ್ದರಿಂದ 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ನೀಡಿದ ಸೈಬರ್ ಸುರಕ್ಷತಾ ಮಾರ್ಗಸೂಚಿಯಲ್ಲಿ ಅಂತಹ ಸೇವೆಗಳನ್ನು ಬಳಸದಂತೆ ಸೂಚಿಸಲಾಗಿದೆ.

ವ್ಯವಸ್ಥೆಯ ಮಿತಿಗಳು

ವಿಪಿಎನ್ ದಾರಿಯನ್ನು ಮಾತ್ರ ಕಾಯುತ್ತದೆ. ಕೀಲಿಯನ್ನು ಕಾಯುವುದು ನೌಕರರ ಹೊಣೆ. ಗುಪ್ತಪದ ಮತ್ತು ಒಟಿಪಿಯನ್ನು ಬೇರೆಯವರಿಗೆ ಒಪ್ಪಿಸಿದಲ್ಲಿ, ಕುಳಿತು ಕಡತ ತೆರೆದವರು ಅಧಿಕಾರಿಯೋ ಅನ್ಯರೋ ಎಂಬುದನ್ನು ಜಾಲವು ಗುರುತಿಸಲಾರದು. ಆಗ ದಾಖಲೆಯಲ್ಲಿ ಅಧಿಕಾರಿಯ ಹೆಸರೇ ಉಳಿಯುತ್ತದೆ ಮತ್ತು ಉತ್ತರಿಸಬೇಕಾದವರೂ ಅವರೇ ಆಗುತ್ತಾರೆ. ವೈರಸ್ ತಗುಲಿದ ಲ್ಯಾಪ್‌ಟಾಪ್‌ನಿಂದಾಗಲೀ, ಪರದೆಯ ಛಾಯಾಚಿತ್ರ ತೆಗೆದು ಮೊಬೈಲ್‌ನಲ್ಲಿ ಹಂಚುವುದರಿಂದಾಗಲೀ ಆಗುವ ಸೋರಿಕೆಯನ್ನೂ ವಿಪಿಎನ್ ತಡೆಯಲಾರದು.

ಮತ್ತೊಬ್ಬರ ಗುಪ್ತಪದ ಅಥವಾ ವಿದ್ಯುನ್ಮಾನ ಸಹಿಯನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಸಿ ಅನ್ವಯ 3 ವರ್ಷಗಳವರೆಗಿನ ಕಾರಾಗೃಹ ವಾಸ ಹಾಗೂ 1 ಲಕ್ಷ ರೂ.ವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವಾಗಿದೆ.

ಅರ್ಜಿದಾರರ ಗಮನಕ್ಕೆ

1. ಅರ್ಜಿ ಸಲ್ಲಿಸಲು ಅಥವಾ ಅರ್ಜಿಯ ಸ್ಥಿತಿ ತಿಳಿಯಲು ನಾಗರಿಕರಿಗೆ ವಿಪಿಎನ್ ಅಗತ್ಯವಿಲ್ಲ. ನಾಡಕಚೇರಿ ಮತ್ತು ಸೇವಾ ಸಿಂಧು ಜಾಲತಾಣಗಳನ್ನು ಸಾಮಾನ್ಯ ಅಂತರ್ಜಾಲ ಸಂಪರ್ಕದಿಂದಲೇ ತೆರೆಯಬಹುದು. ದುಡಿಮೆಗಾಗಿ ಬೆಂಗಳೂರು ಮುಂತಾದೆಡೆ ಗುಳೆ ಹೋದವರಿಗೂ ಇದು ಅನ್ವಯಿಸುತ್ತದೆ.

2. "ಅಧಿಕಾರಿಗಳ ಲಾಗಿನ್ ನಮ್ಮಲ್ಲಿದೆ, ಹಣ ಕೊಟ್ಟರೆ ಇಂದೇ ಪ್ರಮಾಣ ಪತ್ರ ಸಿಗುತ್ತದೆ" ಎನ್ನುವವರನ್ನು ನಂಬಬಾರದು. ಅಂತಹ ಪ್ರಮಾಣ ಪತ್ರವು ಮುಂದೆ ರದ್ದಾದಲ್ಲಿ ಅದರ ಆಧಾರದ ಮೇಲೆ ಪಡೆದ ಕಾಲೇಜು ಪ್ರವೇಶ ಅಥವಾ ನೌಕರಿಗೆ ತೊಂದರೆಯಾಗುತ್ತದೆ.

3. ಕಚೇರಿಯಿಂದ ಕರೆ ಮಾಡುತ್ತಿರುವುದಾಗಿ ಹೇಳಿ, ಮೊಬೈಲ್‌ನಲ್ಲಿ ಯಾವುದಾದರೂ ಆ್ಯಪ್ ಅಳವಡಿಸಲು ಅಥವಾ ಪರದೆ ತೋರಿಸಲು ಕೇಳಿದಲ್ಲಿ ಕರೆಯನ್ನು ಕಡಿತಗೊಳಿಸಬೇಕು. ಒಟಿಪಿಯನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು.

4. ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರ ಪಡೆಯಬೇಕು. 2012ರ ಏಪ್ರಿಲ್ 2ರಿಂದ ಜಾರಿಯಲ್ಲಿರುವ ಸಕಾಲ ಸೇವೆಗಳಿಗೆ 15 ಅಂಕಿಗಳ ಸಂಖ್ಯೆ ನೀಡಲಾಗುತ್ತದೆ. ಕಾಲಮಿತಿ ಮೀರಿದಲ್ಲಿ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ.ವರೆಗೆ ಪರಿಹಾರ ಕೋರಲು ಈ ಸಂಖ್ಯೆ ಅಗತ್ಯ.

5. ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನಾಡಕಚೇರಿ ಜಾಲತಾಣದಲ್ಲಿ ನಮೂದಿಸಿ ನೈಜತೆಯನ್ನು ಪರಿಶೀಲಿಸಿಕೊಳ್ಳಬೇಕು.

6. ಸೈಬರ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿದವರು ಲಾಗೌಟ್ ಮಾಡಿ, ಸ್ಕ್ಯಾನ್ ಮಾಡಿದ ಆಧಾರ್ ಮತ್ತು ಪಾಸ್‌ಬುಕ್ ಪ್ರತಿಗಳನ್ನು ಗಣಕಯಂತ್ರದಿಂದ ಅಳಿಸಲು ಹೇಳಬೇಕು.

ದೂರು ಸಲ್ಲಿಸುವ ಬಗ್ಗೆ

ನೌಕರರ ಲಾಗಿನ್ ಅನ್ನು ಅನ್ಯರು ಬಳಸುತ್ತಿರುವುದು ಕಂಡುಬಂದಲ್ಲಿ ಸ್ಥಳ, ದಿನಾಂಕ ಮತ್ತು ವೇಳೆಯನ್ನು ನಮೂದಿಸಿ ಸಂಬಂಧಪಟ್ಟ ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು. ವೇಳೆ ನಿಖರವಾಗಿದ್ದಷ್ಟೂ ಜಾಲದ ದಾಖಲೆಯೊಂದಿಗೆ ತಾಳೆ ನೋಡುವುದು ಸುಲಭ. ದಾಖಲೆ ಅಳಿದುಹೋಗುವ ಮುನ್ನವೇ ತನಿಖೆ ಆಗಬೇಕಾದುದರಿಂದ ದೂರನ್ನು ವಿಳಂಬ ಮಾಡದೆ ಸಲ್ಲಿಸುವುದು ಸೂಕ್ತ.

ಬ್ಯಾಂಕ್ ಖಾತೆಯಿಂದ ಹಣ ಕಳೆದುಕೊಂಡವರು ತಕ್ಷಣವೇ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿಯೂ ದೂರು ದಾಖಲಿಸಬಹುದು.